ರೈಸ್‌ಮಿಲ್ ಆ್ಯಪ್‌ಗೆ ಆಟೋಮ್ಯಾಟಿಕ್ ಟೆಸ್ಟ್, ಡಿಪ್ಲಾಯ್ ಕೂಡ್ಸಿದ್ದು: ನನ್ನ ಅನುಭವ

ಗಂಗಾವತಿ ಕಡೆ ಒಂದು ರೈಸ್‌ಮಿಲ್ಲಿಗೆ ನಾವು ಮಾಡಿಕೊಟ್ಟಿರೋ ವೆಬ್ ಆ್ಯಪ್‌ನಾಗ ಮುಖ್ಯ ಕೆಲ್ಸ ಅಂದ್ರ ಲೆಕ್ಕ. ನೆಲ್ಲಿನ ಲೋಡ್ ಬಂತಂದ್ರ ಕಾಟಾ ತೂಕ, 75 ಕೆಜಿ ಚೀಲಕ್ಕ ಇಷ್ಟು ಅಂತ ರೇಟು, ತೇವಾಂಶದ ಕಡಿತ, ಹಮಾಲಿ ಎಲ್ಲಾ ಕಳದು ರೈತರ ಕೈಗೆ ಚೀಟಿ ಹೋಗ್ಬೇಕು. ಅಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿ ಆದ್ರೂ ಅದು ಬೆಳಿ ಬೆಳದವರ ರೊಕ್ಕ. ಅದಕ್ಕ ಪೈಟೆಸ್ಟ್‌ನಾಗ (ಪೈಥಾನ್ ಕೋಡ್ ಟೆಸ್ಟ್ ಮಾಡೋ ಸಾಧನ) ಮೊದ್ಲು ಲೆಕ್ಕದ ಕೋಡಿಗಷ್ಟೇ ಟೆಸ್ಟ್ ಬರ್ದೆ, ಗುಮಾಸ್ತರ ಹತ್ರ ಹಳೇ ಚೀಟಿ ಇಸ್ಕೊಂಡು ಅವನ್ನೇ ಟೆಸ್ಟ್ ಕೇಸ್ ಮಾಡಿದ್ವಿ, ಲಾಗಿನ್ ಪೇಜು ಗೀಜು ಆಮ್ಯಾಲೆ ನೋಡ್ಕೊಂಡ್ವಿ. ಕವರೇಜ್ ಪರ್ಸೆಂಟಿನ (ಕೋಡಿನಾಗ ಎಷ್ಟು ಭಾಗ ಟೆಸ್ಟ್ ಆಗೈತಿ ಅನ್ನೋ ಲೆಕ್ಕ) ಹಿಂದ ಬೀಳಬ್ಯಾಡ್ರಿ.

ಟೆಸ್ಟ್ ಓಡಿಸೋದು ಗಿಟ್‌ಹಬ್ ಆ್ಯಕ್ಷನ್ಸ್‌ನಾಗ, ಅಂದ್ರ ಕೋಡ್ ಇಡೋ ಗಿಟ್‌ಹಬ್ ಸೈಟಿನವರೇ ಇಂಥ ಕೆಲ್ಸ ತಾನೇ ಓಡಿಸೋಕ ಕೊಟ್ಟಿರೋ ಸೌಲಭ್ಯ. ಏನೇನು ಓಡಿಸ್ಬೇಕು ಅಂತ ಬರ್ದಿಟ್ಟ ಒಂದು ಯಾಮಲ್ ಫೈಲ್ ಇರ್ತೈತಿ, ಕೋಡ್ ಪುಶ್ ಮಾಡಿದ್ರ (ಗಿಟ್‌ಹಬ್‌ಗೆ ಕಳಿಸಿದ್ರ) ಟೆಸ್ಟ್ ಶುರು. ಟೆಸ್ಟಿಗೆ ಡೇಟಾಬೇಸ್ ಮಾತ್ರ ಪ್ರೊಡಕ್ಷನ್‌ನಾಗ (ಮಿಲ್ಲಿನವರು ಬಳಸೋ ಸರ್ವರಿನಾಗ) ಇರೋ ಜಾತಿಯದನ್ನೇ ಇಡ್ರಿ, ನಮ್ದು ಪೋಸ್ಟ್‌ಗ್ರೆಸ್. ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್‌ನಾಗ ಖರೇ ಡೆಸಿಮಲ್ (ದಶಮಾಂಶ) ಟೈಪೇ ಇಲ್ಲ, ಪೈಸೆ ಲೆಕ್ಕದ ಟೆಸ್ಟ್ ಅದ್ರಾಗ ಪಾಸಾದ್ರೂ ನಂಬೋಕಾಗಲ್ಲ. ಟೆಸ್ಟಿಗಂತ ಏಳೋ ಪೋಸ್ಟ್‌ಗ್ರೆಸ್ ಕಂಟೇನರಿಗೆ ಹೆಲ್ತ್ ಚೆಕ್ (ಅದು ಎದ್ದೈತೇನು ಅಂತ ನೋಡೋದು) ಹಾಕ್ಬೇಕು, ಇಲ್ಲಾಂದ್ರ ಡೇಟಾಬೇಸ್ ಏಳೋಕ ಮೊದ್ಲೇ ಟೆಸ್ಟ್ ಓಡಿ ಸುಮ್ನೆ ಫೇಲ್ ಆಗ್ತಾವ.

ಇನ್ನೊಂದು, ಗಿಟ್‌ಹಬ್‌ನ ರನ್ನರ್ (ಟೆಸ್ಟ್ ಓಡೋ ಅವರ ಮಷಿನ್) ಯುಟಿಸಿ ಅನ್ನೋ ಜಾಗತಿಕ ಟೈಮ್‌ನಾಗ ಇರ್ತೈತಿ, ನಮಗಿಂತ ಐದೂವರೆ ತಾಸು ಹಿಂದ. ಬೆಳಗಿನ ಜಾವ 4ಕ್ಕ ತೂಕ ಆದ ಲಾರಿಗೆ ಹಿಂದಿನ ದಿನದ ತಾರೀಖು ಬೀಳೋದು ಅಲ್ಲೇ ಸಿಕ್ತು, ಲ್ಯಾಪ್‌ಟಾಪಿನಾಗ ಅದೇ ಟೆಸ್ಟ್ ಪಾಸ್ ಆಗಿತ್ತು ನೋಡ್ರಿ!

ಡಿಪ್ಲಾಯ್ ಅಂದ್ರ ಟೆಸ್ಟ್ ಎಲ್ಲಾ ಪಾಸಾದ ಮ್ಯಾಲೆ ಎಸ್‌ಎಸ್‌ಎಚ್‌ನಿಂದ (ದೂರದ ಮಷಿನಿಗೆ ಸುರಕ್ಷಿತವಾಗಿ ಲಾಗಿನ್ ಆಗೋ ದಾರಿ) ಸರ್ವರಿಗೆ ಹೋಗಿ ಹೊಸ ಫೋಲ್ಡರಿನಾಗ ಕೋಡ್ ಇಳ್ಸೋದು, ಸಿಮ್‌ಲಿಂಕ್ (ಯಾವ ಫೋಲ್ಡರ್ ಓಡಿಸ್ಬೇಕು ಅಂತ ತೋರ್ಸೋ ಗುರುತು) ಆ ಕಡೆ ತಿರುಗ್ಸೋದು, ಸರ್ವೀಸ್ ರೀಸ್ಟಾರ್ಟ್ ಮಾಡೋದು, ಆ್ಯಪ್ ಓಡ್ತೈತೇನು ಅಂತ ನೋಡೋ ಹೆಲ್ತ್ ಯುಆರ್‌ಎಲ್ 200 (ಎಲ್ಲಾ ಸರಿ ಅನ್ನೋ ಉತ್ತರ) ಕೊಡ್ಲಿಲ್ಲಂದ್ರ ಸ್ಕ್ರಿಪ್ಟೇ ಸಿಮ್‌ಲಿಂಕನ್ನ ಹಳೇ ಫೋಲ್ಡರಿಗೆ ವಾಪಸ್ ತಿರುಗಿಸಿ ಮತ್ತ ರೀಸ್ಟಾರ್ಟ್ ಮಾಡ್ತೈತಿ. ಸರ್ವರಿನ ಕೀ ಎಲ್ಲಾ ಗಿಟ್‌ಹಬ್‌ನ ಸೀಕ್ರೆಟ್ಸ್‌ನಾಗ (ಗುಟ್ಟಾಗಿ ಇಡೋ ಜಾಗ) ಇಟ್ಟೀವಿ.

ಆದ್ರ ಕೋಡ್ ಹಿಂದ ಹೋದ್ರೂ ಡೇಟಾಬೇಸ್ ಹಿಂದ ಬರಲ್ಲ. ಕಾಲಂ ತೆಗೆದ ಮ್ಯಾಲೆ ಹಳೇ ಕೋಡ್ ವಾಪಸ್ ಬಂದ್ರ ಅದು ಆ ಕಾಲಂ ಹುಡುಕಿ ಫೇಲ್ ಆಗ್ತೈತಿ. ಇದನ್ನ ಭಾಳ ಜನ ಬಿಟ್ಟುಬಿಡ್ತಾರ. ಒಂದು ಕಾಲಂ ತೆಗೀಬೇಕಂದ್ರ ಎರಡು ಡಿಪ್ಲಾಯ್ ಮಾಡ್ತೀವಿ, ಮೊದಲ್ನೇದ್ರಾಗ ಕೋಡ್ ಆ ಕಾಲಂ ಮುಟ್ಟೋದು ಬಿಡ್ತೈತಿ, ಅದು ಕೆಲವು ದಿನ ಸರಿಯಾಗಿ ಓಡಿದ ಮ್ಯಾಲೇ ಎರಡನೇದ್ರಾಗ ಕಾಲಂ ಹೋಗ್ತೈತಿ.

ಸುಗ್ಗಿ ಟೈಮ್‌ನಾಗ ಲೋಡು ಹಗಲು ರಾತ್ರಿ ಬರ್ತಾವ. ಆಗ ಟೆಸ್ಟ್ ಪುಶ್‌ಗೊಮ್ಮೆ ಓಡಿದ್ರೂ ಡಿಪ್ಲಾಯ್ ಮಾತ್ರ ಕೈಯಿಂದ ಬಟನ್ ಒತ್ತಿದ್ರಷ್ಟೇ ಆಗೋ ಹಂಗ ಇಟ್ಟೀವಿ, ಕಾಟಾ ಮ್ಯಾಲೆ ಲಾರಿ ಇಲ್ಲ ಅಂತ ಗುಮಾಸ್ತರಿಗೆ ಫೋನ್ ಹಚ್ಚಿ ಕೇಳ್ಕೊಂಡೇ ಒತ್ತೋದು.