‘ಡಾಜಿ’ ಕಲಿಸಿದ ಬಗೆ: ನನ್ನ ಅನುಭವ

ಬ್ರಿಟನ್ನಿಗೆ ಹೊರಟ ನರ್ಸ್‌ಗಳಿಗೆ ಮಂಗಳೂರಿನಲ್ಲಿ ಇಂಗ್ಲಿಷ್ ಕಲಿಸುವ ನಾನು ‘ಡಾಜಿ’ (dodgy) ಎಂಬ ಒಂದೇ ಒಂದು ಆಡುಮಾತಿನ ವಿಶೇಷಣಕ್ಕೆ ಇಡೀ ತರಗತಿಯನ್ನು ಮೀಸಲಿಟ್ಟಾಗ, ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆಯಾದ ಓಇಟಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಜೊತೆಯ ಅಧ್ಯಾಪಕರು ಹೇಳಿದ್ದರು. ಅಲ್ಲಿನ ವಾರ್ಡುಗಳಿಂದ ಹಳೆಯ ವಿದ್ಯಾರ್ಥಿಗಳ ಸಂದೇಶಗಳು ಬರತೊಡಗಿದ ಮೇಲೆ ಆ ಅಧ್ಯಾಪಕರಲ್ಲೇ ಕೆಲವರು ನನ್ನ ಟಿಪ್ಪಣಿಯನ್ನು ಕೇಳಿ ಪಡೆದಿದ್ದಾರೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೊದಲು ನಿಘಂಟಿನ ದಾರಿ ಹಿಡಿದು, ಅಪ್ರಾಮಾಣಿಕ, ಸಂಶಯಾಸ್ಪದ, ಅಪಾಯಕರ, ಕಳಪೆ, ಕೆಟ್ಟುಹೋದ ಎಂಬ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿಸಿದೆ. ರೋಲ್‌ಪ್ಲೇಯಲ್ಲಿ ರೋಗಿಯ ಪಾತ್ರದವರು ‘ಡಾಜಿ ನೀ’ (dodgy knee) ಎಂದ ಕೂಡಲೇ ಎದುರಿನ ಹುಡುಗಿ ‘ಸಂಶಯಾಸ್ಪದ ಮೊಣಕಾಲು’ ಎಂದು ಮನಸ್ಸಿನಲ್ಲೇ ಅನುವಾದಿಸಿಕೊಂಡು ಮಾತು ನಿಲ್ಲಿಸಿದಳು. ಆಮೇಲೆ ಸುಮಾರು ಆರು ಸಾವಿರ ರೂಪಾಯಿ ಸುರಿದು ಬಣ್ಣದ ಚಿತ್ರಪಟಗಳನ್ನು ಅಚ್ಚು ಹಾಕಿಸಿದೆ. ಚಿತ್ರಗಳು ನೆನಪಿನಲ್ಲಿ ಉಳಿದವು, ಆದರೆ ನಾಮಪದ ಬದಲಾದೊಡನೆ ಕಲಿತದ್ದೆಲ್ಲ ಕೈಕೊಟ್ಟಿತು. ಬ್ರಿಟಿಷ್ ಉಚ್ಚಾರಣೆಯ ಧ್ವನಿಮುದ್ರಣಕ್ಕೆ ಹತ್ತು-ಹನ್ನೆರಡು ಸಾವಿರ ಹೋಯಿತು. ಅದು ಒಳ್ಳೆಯ ಸಾಮಗ್ರಿಯೇ, ಆದರೆ ಅರ್ಥದ ಎಳೆ ಸಿಗದವರಿಗೆ ಬರೀ ಸದ್ದಾಯಿತು.

ಕೊನೆಗೆ ಫಲಿಸಿದ್ದು ‘ನೆಚ್ಚು’ ಎಂಬ ನಮ್ಮದೇ ಕ್ರಿಯಾಪದ. ಅರ್ಥ ಹೇಳುವುದನ್ನು ಪೂರ್ತಿ ಬಿಟ್ಟು, ‘ಇದನ್ನು ನೆಚ್ಚಿ ಏನು ಮಾಡಿದರೆ ಏನಾದೀತು?’ ಎಂಬ ವಾಕ್ಯವನ್ನು ಪೂರ್ಣಗೊಳಿಸಲು ಹೇಳಿದೆ. ಮೊಣಕಾಲಾದರೆ, ನೆಚ್ಚಿ ಮೆಟ್ಟಿಲು ಹತ್ತಿದರೆ ಬಿದ್ದೇವು. ಸಿಗಡಿಯಾದರೆ, ನೆಚ್ಚಿ ತಿಂದರೆ ಹೊಟ್ಟೆ ಕೆಟ್ಟೀತು. ಬಾಯ್ಲರ್ ಆದರೆ, ನೆಚ್ಚಿ ಕುಳಿತರೆ ಚಳಿಗಾಲದಲ್ಲಿ ನಡುಗಬೇಕಾದೀತು. ಕಾರು ಮಾರುವವನಾದರೆ, ನೆಚ್ಚಿ ದುಡ್ಡು ಕೊಟ್ಟರೆ ಮೋಸಹೋದೇವು. ಓಣಿಯಾದರೆ, ನೆಚ್ಚಿ ರಾತ್ರಿ ಒಬ್ಬರೇ ನಡೆದರೆ ತೊಂದರೆಯಾದೀತು. ನಾಮಪದವೇ ಅರ್ಥವನ್ನು ಆರಿಸಿಕೊಡುತ್ತದೆ ಎಂಬುದು ಒಂದು ಗಂಟೆಯೊಳಗೆ ಎಲ್ಲರಿಗೂ ಹಿಡಿಯಿತು.

ಇದರ ನಿಜವಾದ ಬೆಲೆ ತಿಳಿಯುವುದು ‘ಡಾಜಿ ಟಿಕರ್’ ಎಂಬ ಮಾತಿನಲ್ಲಿ. ಟಿಕರ್ ಎಂದರೆ ಆಡುಮಾತಿನಲ್ಲಿ ಹೃದಯ. ವಯಸ್ಸಾದ ರೋಗಿಯೊಬ್ಬರು ನಗುತ್ತಲೇ ‘ಟಿಕರ್ ಎ ಬಿಟ್ ಡಾಜಿ’ ಎಂದರೆ, ಆ ‘ಎ ಬಿಟ್’ (ಸ್ವಲ್ಪ) ಕಾಯಿಲೆಯ ಪ್ರಮಾಣವನ್ನು ಹೇಳುತ್ತಿದೆ ಎಂದುಕೊಳ್ಳಬಾರದು. ದೊಡ್ಡ ತೊಂದರೆಯನ್ನೂ ಸಣ್ಣದಾಗಿಸಿ ಹೇಳುವುದು ಅಲ್ಲಿನವರ ರೂಢಿ. ಆದ್ದರಿಂದ ಎದೆನೋವು, ಉಸಿರುಗಟ್ಟುವಿಕೆ, ಹಿಂದಿನ ಹೃದಯಾಘಾತ, ಈಗಿನ ಮಾತ್ರೆಗಳು ಎಂದು ಪ್ರಶ್ನೆಗಳು ಸಾಲಾಗಿ ಬರಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದೇ ಮಾತು ಕೇಳಿ ಹೀಗೆಯೇ ವಿಚಾರಿಸಿದಾಗ, ದಾಖಲೆಯಲ್ಲಿ ಬಿಟ್ಟುಹೋಗಿದ್ದ ಒಂದು ಮಾತ್ರೆಯ ಹೆಸರು ಹೊರಬಂದಿತಂತೆ. ರೋಗಿಯ ಬಾಯಿಂದ ಬಂದ ಪದವನ್ನು ನರ್ಸ್ ತನ್ನ ಟಿಪ್ಪಣಿಯಲ್ಲಿ ತನ್ನ ಮಾತಾಗಿ ಬರೆಯಬಾರದು. ಕೇಳಿ ತಿಳಿದ ಲಕ್ಷಣವನ್ನೇ ಬರೆಯಬೇಕು.

ಮನುಷ್ಯರ ವಿಷಯದಲ್ಲಿ ಈ ಪದದ ತೂಕ ಬೇರೆ. ಇದಕ್ಕೆ ನಾನು ಕೊಡುವ ಉದಾಹರಣೆ ಬ್ರಿಟಿಷ್ ಸಂಸತ್ತಿನದು: 2016ರ ಏಪ್ರಿಲ್‌ನಲ್ಲಿ ಸಂಸದ ಡೆನಿಸ್ ಸ್ಕಿನ್ನರ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರನ್ನು ‘ಡಾಜಿ ಡೇವ್’ ಎಂದು ಕರೆದು, ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದೆ, ಆ ದಿನದ ಕಲಾಪದಿಂದ ಹೊರಹೋಗಬೇಕಾಯಿತು. ಮೊಣಕಾಲಿಗೆ ಹಗುರವಾಗಿ ಅಂಟುವ ಪದ ವ್ಯಕ್ತಿಗೆ ಅಂಟಿದರೆ ವಂಚಕನೆಂಬ ಆರೋಪವಾಗುತ್ತದೆ. ಮೇಲಧಿಕಾರಿಗಾಗಲಿ ಸಹೋದ್ಯೋಗಿಗಾಗಲಿ ಇದನ್ನು ಬಳಸಕೂಡದೆಂದು ಮತ್ತೆ ಮತ್ತೆ ಹೇಳುತ್ತೇನೆ. ಇರಾಕ್ ಕುರಿತ 2003ರ ಸರ್ಕಾರಿ ದಾಖಲೆಯೊಂದಕ್ಕೆ ‘ಡಾಜಿ ಡಾಸ್ಯೆ’ (ಡಾಸ್ಯೆ ಎಂದರೆ ಕಡತ) ಎಂಬ ಅಡ್ಡಹೆಸರು ಬಿದ್ದದ್ದನ್ನೂ ಹೇಳುವುದುಂಟು, ಆದರೆ ಅದಕ್ಕೆ ಹಿನ್ನೆಲೆ ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಇದೇ ಸೂತ್ರವನ್ನು ಬೇರೆ ಪದಗಳ ಮೇಲೂ ಪ್ರಯೋಗಿಸಿದೆ. ಸಂಶಯಾಸ್ಪದ ಎಂಬರ್ಥದ ‘ಇಫಿ’ಗೆ (iffy) ಅದು ಹೆಚ್ಚುಕಡಿಮೆ ಹಾಗೆಯೇ ಹೊಂದಿತು. ಕಳಪೆ ಎಂಬರ್ಥದ ‘ರೋಪಿ’ಯಲ್ಲಿ (ropey) ಅರ್ಧ ದಾರಿ ನಡೆಯಿತು, ಏಕೆಂದರೆ ‘ಫೀಲಿಂಗ್ ರೋಪಿ’ ಎಂದರೆ ಮೈಗೆ ಹುಷಾರಿಲ್ಲ ಎಂದಷ್ಟೇ. ‘ಪೂರ್ಲಿ’ಗೆ ಏನೂ ಉಪಯೋಗವಾಗಲಿಲ್ಲ, ಅದನ್ನು ನೇರವಾಗಿ ‘ಕಾಯಿಲೆ ಬಿದ್ದ’ ಎಂದೇ ಕಲಿಸಬೇಕು. ‘ವಾಂಕಿ’ ಎಂದರೆ ಸೊಟ್ಟಗಿರುವುದು. ಅದನ್ನು ಈ ಗುಂಪಿಗೆ ಸೇರಿಸಿದರೆ ಗೊಂದಲವೇ ಹೆಚ್ಚು.

ಹಳೆಯ ಧ್ವನಿಮುದ್ರಣ ಈಗ ಉಪಯೋಗಕ್ಕೆ ಬಂದಿದೆ. ಅದನ್ನು ಯಾವ ಕ್ರಮದಲ್ಲಿ ಕೇಳಿಸುತ್ತೇನೆ, ಕೊನೆಯ ಹತ್ತು ನಿಮಿಷ ಯಾವ ಅಭ್ಯಾಸ ಮಾಡಿಸುತ್ತೇನೆ ಎಂಬುದನ್ನು ಮಾತ್ರ ನನ್ನ ತರಗತಿಗೇ ಇಟ್ಟುಕೊಂಡಿದ್ದೇನೆ. ಉಳಿದದ್ದನ್ನು ಯಾರು ಬೇಕಾದರೂ ಬಳಸಬಹುದು. ಖರ್ಚು ಜೆರಾಕ್ಸ್‌ನದ್ದಷ್ಟೇ, ಒಬ್ಬರಿಗೆ ಐದಾರು ರೂಪಾಯಿ.