ಇಂಜಿನಿಯರಿಂಗ್‌ಗೆ ಹೊರಟ ಮಕ್ಕಳೇ, ಪುಸ್ತಕ ಕೊಳ್ಳುವ ಮೊದಲು

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯಿಂದ ಈ ಸಲ ಇಂಜಿನಿಯರಿಂಗ್ ಸೇರುವವರು ಮೊದಲು ಕಾಲೇಜಿನ ಸಿಲೆಬಸ್ ನೋಡಿ. ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿಗೆ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ (ಕೆಟಿಯು) ಸಿಲೆಬಸ್. ಮಂಗಳೂರು ಕಡೆ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಿವೆ. ಅವುಗಳಲ್ಲೂ ಅಟಾನಮಸ್ ಆದವು ತಮ್ಮದೇ ಸಿಲೆಬಸ್ ಮಾಡಿಕೊಳ್ಳುತ್ತವೆ. ಸ್ಕೀಮ್‌ನ, ಅಂದರೆ ಸಿಲೆಬಸ್ ಯಾವ ವರ್ಷ ಜಾರಿಗೆ ಬಂದದ್ದು ಅನ್ನುವುದನ್ನೂ ಗಮನಿಸಿ. ಕೆಟಿಯು 2019ರ ಸ್ಕೀಮ್ ಬಿಟ್ಟು 2024ರದ್ದಕ್ಕೆ ಬಂದಿದೆ. ಸೀನಿಯರ್‌ಗಳ ಹಳೆ ಪುಸ್ತಕ ತಗೊಳ್ಳುವಾಗ ಪಾಠಗಳ ಪಟ್ಟಿ ಹೋಲಿಸಿ ನೋಡಿದರೆ ಒಳ್ಳೆಯದು.

ವಿಟಿಯುನಲ್ಲಿ ಮೊದಲ ವರ್ಷ ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್ (ಫಿಸಿಕ್ಸ್ ಇರುವ ವಿಷಯಗಳ ಗುಂಪು), ಇನ್ನೊಂದು ಕೆಮಿಸ್ಟ್ರಿ ಸೈಕಲ್. ಯಾವುದು ಮೊದಲು ಅಂತ ಗೊತ್ತಾಗದೆ ಎರಡರದ್ದೂ ಸುಮ್ನೆ ಕೊಳ್ಳಬೇಡಿ.

ಮನೆಯಿಂದ ತಪ್ಪದೆ ಒಯ್ಯಬೇಕಾದದ್ದು ಪ್ಲಸ್ ಟು ಗಣಿತ. ಡೆರಿವೇಟಿವ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಮೊದಲ ವರ್ಷವೇ ಬೇಕಾಗುತ್ತದೆ. ಪುಸ್ತಕ ಕೈಗೆ ಸಿಗದಿದ್ದರೆ ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಪ್ಲಸ್ ಟುನಲ್ಲಿ ಬರೆದ ನೋಟ್ಸ್ ಅನ್ನೂ ಜೊತೆಗಿಟ್ಟುಕೊಳ್ಳಿ. ಇಂಗ್ಲಿಷ್ ಪದಗಳ ಪಕ್ಕದಲ್ಲಿ ಕನ್ನಡದಲ್ಲಿ ಗುರುತು ಹಾಕಿಕೊಂಡ ಅರ್ಥ ಯಾವ ದಪ್ಪ ಪುಸ್ತಕಕ್ಕಿಂತಲೂ ಬೇಗ ನೆನಪಿಗೆ ಬರುತ್ತದೆ. ಅದನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.

ಹೊಸದು ಕೊಳ್ಳಲೇಬೇಕಿದ್ದರೆ ಗಣಿತಕ್ಕೆ ಬಿ.ಎಸ್. ಗ್ರೆವಾಲ್ ಬರೆದ ‘ಹೈಯರ್ ಇಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್’ ಸಾಕು. ಒಂದಕ್ಕಿಂತ ಜಾಸ್ತಿ ಸೆಮಿಸ್ಟರ್‌ಗೆ ಆಗುತ್ತದೆ. ಹಳೆ ಪ್ರತಿ ಆದರೂ ತೊಂದರೆ ಇಲ್ಲ. ಫಿಸಿಕ್ಸ್, ಕೆಮಿಸ್ಟ್ರಿಗೆ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ. ಡ್ರಾಯಿಂಗ್ ಸಾಮಾನು ಮಾತ್ರ ಮೇಷ್ಟ್ರು ಹೇಳಿದ ಮೇಲೆಯೇ ತಗೊಳ್ಳಿ. ಕೆಲವು ಕಡೆ ಅದು ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತದೆ.