40 ದಾಟಿದ ಮೇಲೆ ಮತ್ತೆ ಶಟಲ್ ಆಡುವುದು ಹೇಗೆ?

ಬೀದಿಯಲ್ಲಿ ಎರಡು ಕಂಬಕ್ಕೆ ಹಗ್ಗ ಕಟ್ಟಿ ಶಟಲ್ ಆಡಿ ಬೆಳೆದವರು ನಾವು, ಅಲ್ವಾ? 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಕಥೆ ಕೇಳಿಯೇ ಎಷ್ಟೋ ಜನ ರಾಕೆಟ್ ಹಿಡಿದೆವು. ಆಮೇಲೆ ಕೆಲಸ, ಮದುವೆ, ಮಕ್ಕಳು ಅಂತ ಅದು ಅಟ್ಟ ಸೇರಿತು. ಈಗ ಕೆಳಗಿಳಿಸಿ.

ಮೊದಲು ಶೂ. ರನ್ನಿಂಗ್ ಶೂ ಬೇಡವೇ ಬೇಡ. ಅದರ ಅಡಿ ದಪ್ಪ, ಪಕ್ಕಕ್ಕೆ ನುಗ್ಗಿದಾಗ ಪಾದ ಹೊರಳುತ್ತದೆ. ನಾನು ಹಾಗೇ ಉಳುಕಿಸಿಕೊಂಡು ಆರು ವಾರ ಮನೆಯಲ್ಲಿ ಕೂತೆ. ತೆಳು ರಬ್ಬರ್ ಅಡಿಯ ಬ್ಯಾಡ್ಮಿಂಟನ್ ಶೂ ಕೊಳ್ಳಿ. ರಾಕೆಟ್ ಹಳೆಯದೇ ಸಾಕು, ಹೊಸ ಗ್ರಿಪ್ ಸುತ್ತಿ.

ಆಡುವ ಮುಂಚೆ 10 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮನೆಯಲ್ಲಿ ದಿನಾ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ, ಇಳಿಸಿ. ಯಾಕೆಂದರೆ ಹಿಮ್ಮಡಿಯ ಮೇಲಿನ ಆ ದಪ್ಪ ಸ್ನಾಯುರಜ್ಜು (ಟೆಂಡನ್) ಆಟದ ನಡುವೆ ಪಟ್ ಅಂತ ಹರಿಯುವ ಅಪಾಯ ನಮ್ಮ ವಯಸ್ಸಿನವರಿಗೆ ಜಾಸ್ತಿ.

ಮೊದಲ ತಿಂಗಳು ವಾರಕ್ಕೆ ಎರಡೇ ದಿನ, ಅದೂ ಡಬಲ್ಸ್ ಮಾತ್ರ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಸ್ಮ್ಯಾಶ್ ಹೊಡೆದು ಭುಜ ನೋಯಿಸಿಕೊಳ್ಳುವ ಬದಲು ಡ್ರಾಪ್ ಕಲಿಯಿರಿ: ತೋಳು ಸ್ಮ್ಯಾಶ್‌ಗೆ ಎತ್ತಿದಂತೆಯೇ ಎತ್ತಿ, ಕೊನೇ ಗಳಿಗೆಯಲ್ಲಿ ಮಣಿಕಟ್ಟು ಸಡಿಲಿಸಿ. ಶಟಲ್ ನೆಟ್ಟಿನ ಬಿಳಿ ಪಟ್ಟಿ ಸವರಿಕೊಂಡು ಆಚೆ ಬೀಳುತ್ತದೆ.